ಒಂದು ಕಿಲೊ ಕೂಸಿಗೆ ಎಷ್ಟು ಮಾರ್ಫಿನ್?

ಮಾರ್ಫಿನ್ ಆಂಪೂಲ್ ಒಂದು ಮಿಲಿಲೀಟರಿನದು. ಅದರೊಳಗಿರುವ ಔಷಧಿ 10 ಅಥವಾ 15 ಮಿಲಿಗ್ರಾಂ. ಕಾಲು ಮುರಿದುಕೊಂಡು ಬಂದ ದೊಡ್ಡವರಿಗೆ ಅದು ಒಂದೆರಡು ಡೋಸ್ ಅಷ್ಟೇ. ಒಂದು ಕಿಲೊ ತೂಕದ, ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಒಮ್ಮೆಗೆ 50 ಮೈಕ್ರೊಗ್ರಾಂ ಎಂದು ವೈದ್ಯರು ಬರೆದರೆ, 15 ಮಿಲಿಗ್ರಾಮಿನ ಅದೇ ಆಂಪೂಲಿನಲ್ಲಿ ಆ ಕೂಸಿಗೆ 300 ಡೋಸ್ ಇರುತ್ತದೆ. 10 ಮಿಲಿಗ್ರಾಮಿನ ಆಂಪೂಲಿನಿಂದ ನೇರವಾಗಿ ಎಳೆಯುವುದಾದರೆ 0.005 ಮಿಲಿಲೀಟರ್ ಎಳೆಯಬೇಕು. ಒಂದು ಮಿಲಿಲೀಟರ್ ಸಿರಿಂಜಿನಲ್ಲಿ ಅತಿ ಸಣ್ಣ ಗೆರೆಯೇ 0.01. ಹಾಗಾಗಿ ನರ್ಸ್ ಔಷಧಿಯನ್ನು ಸಲೈನಿನಲ್ಲಿ ಒಮ್ಮೆ ತೆಳುಮಾಡಿ, ಅದರಿಂದ ಒಂದಿಷ್ಟು ತೆಗೆದು ಇನ್ನೊಮ್ಮೆ ತೆಳುಮಾಡಬೇಕು. ದಶಮಾಂಶ ಬಿಂದು ಒಂದು ಸ್ಥಾನ ಸರಿದರೂ ಡೋಸ್ ಹತ್ತುಪಟ್ಟಾಗುತ್ತದೆ. ಬಿಂದು ಸರಿಯಾಗಿದ್ದರೂ ಅಪಾಯ ಮುಗಿಯುವುದಿಲ್ಲ: ಸಿರಿಂಜಿನ ಮೂತಿಯಲ್ಲಿ, ಸೂಜಿಯ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಔಷಧಿ ಉಳಿದಿರುತ್ತದೆ. ಅದೇ ಸಿರಿಂಜಿಗೆ ಸಲೈನ್ ಎಳೆದು ತಳ್ಳಿದರೆ ಉಳಿದದ್ದೂ ಮಗುವಿನ ರಕ್ತಕ್ಕೆ ಸೇರುತ್ತದೆ. ದೊಡ್ಡವರಲ್ಲಿ ಲೆಕ್ಕಕ್ಕೇ ಬಾರದ ಆ ಶೇಷ, ಇಷ್ಟು ಪುಟ್ಟ ಜೀವದಲ್ಲಿ ಇನ್ನೊಂದು ಪೂರ್ತಿ ಡೋಸ್ ಆಗಬಲ್ಲದು.

ಇಷ್ಟೆಲ್ಲ ಕಷ್ಟಪಟ್ಟು ಅಳೆಯುವ ಆ ಪ್ರಮಾಣವಾದರೂ ಸರಿಯೇ ಎಂಬುದು ಕಳೆದ ನಾಲ್ಕು ದಶಕಗಳಿಂದ ನವಜಾತ ಶಿಶು ವೈದ್ಯರನ್ನು ಕಾಡುತ್ತಿರುವ ಪ್ರಶ್ನೆ. ಕೋಲಾರದಂಥ ಜಿಲ್ಲೆಗೆ ಇದು ದೂರದ ಪ್ರಶ್ನೆಯೇನಲ್ಲ. ಮಾರ್ಕಂಡೇಶ್ವರ ಬೆಟ್ಟದ ಬುಡದ ವಕ್ಕಲೇರಿ ಹೋಬಳಿಯ ಯಾವುದೋ ಹಳ್ಳಿಯಲ್ಲಿ ಏಳೂವರೆ ತಿಂಗಳಿಗೇ ಹೆರಿಗೆ ನೋವು ಬಂದರೆ 108ಕ್ಕೆ ಕರೆ ಹೋಗುತ್ತದೆ. ಕೂಸು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯ ವಿಶೇಷ ನವಜಾತ ಶಿಶು ಆರೈಕೆ ಘಟಕ, ಅಂದರೆ ಎಸ್‌ಎನ್‌ಸಿಯು ಸೇರುತ್ತದೆ. 1,800 ಗ್ರಾಮಿಗಿಂತ ಹಗುರವಾದ ಅಥವಾ 34 ವಾರ ತುಂಬದ ಶಿಶುಗಳನ್ನು ಅಲ್ಲಿ ದಾಖಲಿಸಿಕೊಳ್ಳಬೇಕು ಎಂಬುದು ರಾಷ್ಟ್ರೀಯ ಮಾರ್ಗಸೂಚಿ. ಉಸಿರಾಟ ಕೈಕೊಟ್ಟು ಹೆಚ್ಚು ದಿನ ವೆಂಟಿಲೇಟರ್ ಬೇಕಾದರೆ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಇಲ್ಲವೇ ಹೆದ್ದಾರಿ ಹಿಡಿದು ಬೆಂಗಳೂರಿನ ವಾಣಿವಿಲಾಸ, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ಕೂಸುಗಳದೂ ಹೆಚ್ಚುಕಡಿಮೆ ಇದೇ ದಾರಿ. "ಮಗೂನ ಪೆಟ್ಟಿಗೇಲಿ ಇಟ್ಟವ್ರೆ" ಎಂದು ಅಜ್ಜಿಯರು ಹೇಳುವ ಆ ವಾರ್ಮರಿನಲ್ಲಿ, ಇನ್‌ಕ್ಯುಬೇಟರಿನಲ್ಲಿ ಮಲಗಿದ ಕೂಸಿಗೆ ದಿನಕ್ಕೆಷ್ಟು ನೋವು?

ಇದನ್ನು ಎಣಿಸಿದವರಿದ್ದಾರೆ. ಪ್ಯಾರಿಸ್ ಸುತ್ತಲಿನ ಘಟಕಗಳಲ್ಲಿ 430 ಶಿಶುಗಳನ್ನು ಗಮನಿಸಿ ರಿಕಾರ್ಡೊ ಕಾರ್ಬಹಾಲ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಶಿಶುವಿಗೆ ದಿನಕ್ಕೆ ಸರಾಸರಿ ಹತ್ತು ನೋವಿನ ಪ್ರಕ್ರಿಯೆ: ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವುದು, ಗಂಟಲಿನ ಕೊಳವೆಯಿಂದ ಕಫ ಎಳೆಯುವುದು, ಡ್ರಿಪ್ ಹಾಕುವುದು, ಅಂಟುಪಟ್ಟಿ ಕೀಳುವುದು. ಇವುಗಳಲ್ಲಿ ಶೇ. 79.2ರಷ್ಟು ಪ್ರಕ್ರಿಯೆಗಳಿಗೆ ಪ್ರತ್ಯೇಕವಾದ ನೋವು ಪರಿಹಾರವೇ ಇರಲಿಲ್ಲ. ಹಣಕ್ಕೆ, ಸಿಬ್ಬಂದಿಗೆ ಕೊರತೆಯಿಲ್ಲದ ಪ್ಯಾರಿಸ್‌ನ ಲೆಕ್ಕ ಇದು.

ಅದಕ್ಕೂ ಇಪ್ಪತ್ತು ವರ್ಷ ಹಿಂದಿನ ಸ್ಥಿತಿಯನ್ನು ಇಂದು ಓದಿದರೆ ನಂಬುವುದು ಕಷ್ಟ. ಹಸುಗೂಸಿನ ನರಮಂಡಲ ಬಲಿತಿಲ್ಲ, ಅದಕ್ಕೆ ನೋವು ತಿಳಿಯದು, ತಿಳಿದರೂ ನೆನಪಿರದು ಎಂಬ ನಂಬಿಕೆಯಿಂದ ಅನೇಕ ಕಡೆ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧಿ ಮಾತ್ರ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕೂಸು ಕದಲಲಾರದು, ಅಳಲಾರದು, ಆದರೆ ಎಚ್ಚರವಾಗಿರುತ್ತದೆ. 1985ರಲ್ಲಿ ವಾಷಿಂಗ್ಟನ್ನಿನಲ್ಲಿ ಜೆಫ್ರಿ ಲಾಸನ್ ಎಂಬ ಅವಧಿಪೂರ್ವ ಶಿಶುವಿಗೆ ಹೀಗೆಯೇ ಹೃದಯದ ಬಳಿ ಶಸ್ತ್ರಚಿಕಿತ್ಸೆಯಾಯಿತು. ಮಗು ಉಳಿಯಲಿಲ್ಲ. ನಡೆದದ್ದನ್ನು ತಿಳಿದುಕೊಂಡ ತಾಯಿ ಜಿಲ್ ಲಾಸನ್ ಅದನ್ನು ಬಹಿರಂಗಪಡಿಸಿ ಹೋರಾಡಿದ್ದರಿಂದ ಅಮೆರಿಕ ಬೆಚ್ಚಿತು. ಅದೇ ಹೊತ್ತಿಗೆ ಇಂದೋರಿನಲ್ಲಿ ವೈದ್ಯಶಾಸ್ತ್ರ ಓದಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್, ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಶಿಶುಗಳು ಬಿಳಿಚಿಕೊಂಡು ಕುಸಿಯುವುದೇಕೆಂದು ಹುಡುಕುತ್ತಿದ್ದರು. 1987ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿದ್ದದ್ದು ಕೇವಲ ಹದಿನಾರು ಅವಧಿಪೂರ್ವ ಶಿಶುಗಳು. ಎಂಟಕ್ಕೆ ವಾಡಿಕೆಯ ಔಷಧಿಯ ಜೊತೆಗೆ ಫೆಂಟನಿಲ್ ಎಂಬ ನೋವುನಿವಾರಕ, ಉಳಿದ ಎಂಟಕ್ಕೆ ಅದಿಲ್ಲ. ಫೆಂಟನಿಲ್ ಪಡೆದವುಗಳಲ್ಲಿ ಒತ್ತಡದ ಹಾರ್ಮೋನುಗಳ ಏರಿಕೆ ತಗ್ಗಿತು, ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಕಡಿಮೆಯಾದವು. ಇಷ್ಟು ಚಿಕ್ಕ ಪ್ರಯೋಗ ಇಷ್ಟು ಮಕ್ಕಳ ಪಾಡನ್ನು ಬದಲಿಸಿದ ಉದಾಹರಣೆ ವೈದ್ಯಕೀಯದಲ್ಲಿ ಅಪರೂಪ.

ನೋವಿದೆ ಎಂದು ಒಪ್ಪಿಕೊಂಡ ಮೇಲೆ ಔಷಧಿ ಕೊಡುವುದು ಸಹಜ ಹೆಜ್ಜೆ. ತೊಡಕು ಶುರುವಾದದ್ದು ಅಲ್ಲಿಂದಲೇ.

ಹಸುಗೂಸನ್ನು ಚಿಕ್ಕ ಗಾತ್ರದ ದೊಡ್ಡ ಮನುಷ್ಯನೆಂದು ತಿಳಿದರೆ ಏನಾಗುತ್ತದೆ ಎಂಬುದನ್ನು ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ 1950ರ ದಶಕದಲ್ಲೇ ತೋರಿಸಿತ್ತು. ತೂಕದ ಲೆಕ್ಕದಲ್ಲಿ ಅದನ್ನು ಪಡೆದ ನವಜಾತ ಶಿಶುಗಳು ಬೂದುಬಣ್ಣಕ್ಕೆ ತಿರುಗಿ ಸತ್ತವು. ಅವುಗಳ ಯಕೃತ್ತಿಗೆ ಆ ಔಷಧಿಯನ್ನು ಬದಲಿಸಿ ಹೊರಗಟ್ಟುವ ಶಕ್ತಿ ಬಂದಿರಲಿಲ್ಲ. ಮಾರ್ಫಿನ್ ಅನ್ನು ವಿಲೇವಾರಿ ಮಾಡುವುದೂ ಅದೇ ಬಗೆಯ ಕ್ರಿಯೆ: ಯಕೃತ್ತಿನ ಕಿಣ್ವವೊಂದು ಅದಕ್ಕೆ ಗ್ಲುಕುರೊನಿಕ್ ಆಮ್ಲ ಜೋಡಿಸುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಹುಟ್ಟಿದ ಹೊಸತರಲ್ಲಿ ಈ ಎರಡು ಅಂಗಗಳೂ ಬಲಿತಿರುವುದಿಲ್ಲ. ದೇಹ ಸೇರಿದ ಮಾರ್ಫಿನ್ ಅರ್ಧಕ್ಕಿಳಿಯಲು ದೊಡ್ಡ ಮಕ್ಕಳಲ್ಲಿ ಸುಮಾರು ಎರಡು ಗಂಟೆ ಸಾಕು. ತಿಂಗಳು ತುಂಬಿ ಹುಟ್ಟಿದ ಶಿಶುವಿಗೆ ಆರೂವರೆ ಗಂಟೆ ಬೇಕು, ಅವಧಿಪೂರ್ವ ಶಿಶುವಿಗೆ ಒಂಬತ್ತು ಗಂಟೆಯ ಆಸುಪಾಸು. ಇವು ಬರೀ ಸರಾಸರಿಗಳು. ಪಕ್ಕಪಕ್ಕದ ಎರಡು ವಾರ್ಮರುಗಳಲ್ಲಿ ಮಲಗಿದ, ಒಂದೇ ತೂಕದ ಎರಡು ಕೂಸುಗಳ ನಡುವೆಯೇ ವ್ಯತ್ಯಾಸ ಹಲವು ಪಟ್ಟು ಇರಬಲ್ಲದು. ಕೂಸಿನ ದೇಹದಲ್ಲಿ ನೀರಿನ ಪಾಲು ಹೆಚ್ಚು, ಕೊಬ್ಬು ಕಡಿಮೆ. ಔಷಧಿಯನ್ನು ಹಿಡಿದಿಟ್ಟುಕೊಳ್ಳುವ ಆಲ್ಬುಮಿನ್ ಪ್ರೋಟೀನೂ ಕಡಿಮೆ. ಇದೆಲ್ಲವೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಸೋಮವಾರ ಸರಿಯಿದ್ದ ಡೋಸ್ ಮುಂದಿನ ಸೋಮವಾರಕ್ಕೆ ಸಾಲದಾಗಬಹುದು.

ಈ ಬದಲಾವಣೆಗೆ ಗಣಿತದ ರೂಪ ಕೊಡುವ ಕೆಲಸ ಹೆಚ್ಚು ನಡೆದದ್ದು ನೆದರ್ಲೆಂಡ್ಸ್‌ನಲ್ಲಿ. ಒಂದು ಕಿಲೊ ಕೂಸಿನ ಮೈಯಲ್ಲಿರುವ ರಕ್ತ ಸುಮಾರು 80ರಿಂದ 90 ಮಿಲಿಲೀಟರ್. ಔಷಧಿಯ ಮಟ್ಟ ನೋಡಲೆಂದು ಗಂಟೆಗೊಮ್ಮೆ ರಕ್ತ ತೆಗೆಯುವ ಹಾಗಿಲ್ಲ. ಆದ್ದರಿಂದ ಹಲವು ಶಿಶುಗಳಿಂದ ಹೇಗೂ ತೆಗೆಯಬೇಕಾದ ರಕ್ತದಲ್ಲೇ ಕೆಲವು ಹನಿ ಉಳಿಸಿ, ಎಲ್ಲರ ಮಾಹಿತಿಯನ್ನೂ ಒಟ್ಟುಗೂಡಿಸಿ, ಕಂಪ್ಯೂಟರ್ ಮಾದರಿ ಕಟ್ಟುತ್ತಾರೆ. ಕ್ಯಾಥರೀನ್ ಕ್ನಿಬೆ ಅವರ ತಂಡ 2009ರಲ್ಲಿ ಕಂಡುಕೊಂಡಂತೆ, ಮಾರ್ಫಿನ್ ವಿಲೇವಾರಿಯ ವೇಗ ತೂಕದ ಜೊತೆ ಸಮಸಮವಾಗಿ ಏರುವುದಿಲ್ಲ; ತೂಕದ 1.44ನೇ ಘಾತದಲ್ಲಿ ಏರುತ್ತದೆ. ಲೆಕ್ಕ ಹಾಕಿದರೆ, ಒಂದು ಕಿಲೊ ಕೂಸು ಎರಡು ಕಿಲೊ ಆಗುವಷ್ಟರಲ್ಲಿ ವಿಲೇವಾರಿ ಎರಡು ಪಟ್ಟಿನ ಬದಲು ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ಜೊತೆಗೆ ಹುಟ್ಟಿದ ಮೊದಲ ಹತ್ತು ದಿನ ಆ ವೇಗ ಅರ್ಧದಷ್ಟೇ. 'ಕಿಲೊಗೆ ಇಷ್ಟು' ಎಂಬ ಹಳೆಯ ಸೂತ್ರ ಅತಿ ಚಿಕ್ಕ ಕೂಸಿಗೆ ಹೆಚ್ಚು ಔಷಧಿ, ಸ್ವಲ್ಪ ದೊಡ್ಡದಕ್ಕೆ ಕಡಿಮೆ ಔಷಧಿ ಕೊಡುತ್ತಿತ್ತು ಎಂಬುದು ಇದರಿಂದ ಸ್ಪಷ್ಟವಾಯಿತು.

ಹೊಸ ಸೂತ್ರವನ್ನು ಶಸ್ತ್ರಚಿಕಿತ್ಸೆಯಾದ ಶಿಶುಗಳ ಮೇಲೆ ಪರೀಕ್ಷಿಸಿದಾಗ ಹತ್ತು ದಿನದೊಳಗಿನವರಲ್ಲಿ ಹೆಚ್ಚಿನವರಿಗೆ ಆ ಕಡಿಮೆ ಡೋಸ್ ಸಾಕಾಯಿತು. ಹತ್ತು ದಿನ ದಾಟಿದವರಲ್ಲಿ ಬಹುತೇಕರಿಗೆ ಮೇಲೆ ಇನ್ನಷ್ಟು ಬೇಕಾಯಿತು. ರಕ್ತದಲ್ಲಿ ಔಷಧಿ ಎಷ್ಟಿದೆಯೆಂದು ಮಾದರಿ ಹೇಳಬಲ್ಲದು. ಆ ಕೂಸಿಗೆ ಅಷ್ಟರಿಂದ ನೋವು ಇಳಿಯಿತೇ ಎಂಬುದನ್ನು ಹಾಸಿಗೆಯ ಪಕ್ಕ ನಿಂತವರೇ ನೋಡಬೇಕು.

ಮಾರ್ಫಿನ್ ಕೊಟ್ಟರೆ ಕೂಸಿಗೆ ಒಳ್ಳೆಯದಾಗುತ್ತದೆಯೇ ಎಂಬ ಮೂಲ ಪ್ರಶ್ನೆಯ ಕಥೆ ಇನ್ನೂ ಜಟಿಲ. ಆನಂದ್ ಅವರೇ 1999ರಲ್ಲಿ 67 ಶಿಶುಗಳ ಸಣ್ಣ ಪ್ರಯೋಗವೊಂದರಲ್ಲಿ ವೆಂಟಿಲೇಟರ್ ಮೇಲಿದ್ದ ಅವಧಿಪೂರ್ವ ಶಿಶುಗಳನ್ನು ಮೂರು ಗುಂಪು ಮಾಡಿದರು. ಸಾವು ಅಥವಾ ಮಿದುಳಿನ ತೀವ್ರ ಹಾನಿ ಮಾರ್ಫಿನ್ ಗುಂಪಿನಲ್ಲಿ ಶೇ. 4, ಔಷಧಿಯಿಲ್ಲದ ಗುಂಪಿನಲ್ಲಿ ಶೇ. 24, ಮಂಪರಿನ ಔಷಧಿಯಾದ ಮಿಡಜೋಲಮ್ ಗುಂಪಿನಲ್ಲಿ ಶೇ. 32. ಮಾರ್ಫಿನ್ ಮಿದುಳನ್ನು ಕಾಯುತ್ತದೆಂಬ ಆಸೆ ಮೂಡಿತು. ಅದನ್ನು ಖಚಿತಪಡಿಸಲು 898 ಶಿಶುಗಳ ದೊಡ್ಡ ಪ್ರಯೋಗ ನಡೆಯಿತು, 2004ರಲ್ಲಿ ಫಲಿತಾಂಶ ಬಂತು. ಅಲ್ಲಿ ಡೋಸನ್ನು ಗರ್ಭದ ವಾರಗಳಿಗೆ ತಕ್ಕಂತೆ ಮೂರು ಹಂತ ಮಾಡಿದ್ದರು: ಅತಿ ಬೇಗ ಹುಟ್ಟಿದವರಿಗೆ ಗಂಟೆಗೆ ಕಿಲೊಗೆ 10 ಮೈಕ್ರೊಗ್ರಾಂ, ನಂತರದವರಿಗೆ 20, 30. ಅಷ್ಟು ಎಚ್ಚರ ವಹಿಸಿದರೂ ಸಾವಾಗಲಿ ಮಿದುಳಿನ ರಕ್ತಸ್ರಾವವಾಗಲಿ ಕಡಿಮೆಯಾಗಲಿಲ್ಲ. ರಕ್ತದೊತ್ತಡ ಕುಸಿದ ಪ್ರಕರಣಗಳು ಮಾರ್ಫಿನ್ ಗುಂಪಿನಲ್ಲಿ ಹೆಚ್ಚಾದವು. ತಮ್ಮದೇ ಆಸೆಯನ್ನು ದೊಡ್ಡ ಪರೀಕ್ಷೆಗೆ ಒಡ್ಡಿ, ಎದುರಾದ ಉತ್ತರವನ್ನು ಮುಚ್ಚಿಡದೆ ಪ್ರಕಟಿಸಿದ ಆ ತಂಡದ ಪ್ರಾಮಾಣಿಕತೆ ಗೌರವಾರ್ಹ. ಅಂದಿನಿಂದ ವೆಂಟಿಲೇಟರ್ ಹಾಕಿದ ಪ್ರತಿ ಕೂಸಿಗೂ ಮಾರ್ಫಿನ್ ಎಂಬ ವಾಡಿಕೆ ಹಿಂದೆ ಸರಿಯಿತು. ಯಾವ ಕೂಸಿಗೆ, ಯಾವ ಹೊತ್ತಿಗೆ, ಎಷ್ಟು ಎಂದು ಕೇಳುವ ಕ್ರಮ ಬಂತು.

ಡಚ್ಚರ ಇನ್ನೊಂದು ಪ್ರಯೋಗದ ಮಕ್ಕಳನ್ನು ವೈದ್ಯರು ವರ್ಷಗಟ್ಟಲೆ ಹಿಂಬಾಲಿಸಿದರು. ಐದನೇ ವಯಸ್ಸಿನಲ್ಲಿ, ಮಾರ್ಫಿನ್ ಪಡೆದಿದ್ದವರು ಬುದ್ಧಿಶಕ್ತಿಯ ಒಂದು ಉಪಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದು ಕಂಡು ಆತಂಕವಾಯಿತು. ಎಂಟು-ಒಂಬತ್ತನೇ ವಯಸ್ಸಿಗೆ ಆ ವ್ಯತ್ಯಾಸ ಉಳಿದಿರಲಿಲ್ಲ. ಇನ್ನೊಂದು ಕಡೆ, ನೋವನ್ನು ಹಾಗೆಯೇ ಬಿಟ್ಟರೂ ಅದು ದೇಹದಲ್ಲಿ ಗುರುತು ಉಳಿಸುತ್ತದೆ. ಕೆನಡಾದಲ್ಲಿ ಅನಾ ಟ್ಯಾಡಿಯೊ 1997ರಲ್ಲಿ ತೋರಿಸಿದಂತೆ, ಹುಟ್ಟಿದಾಗ ಅರಿವಳಿಕೆಯಿಲ್ಲದೆ ಸುನ್ನತಿ ಮಾಡಿಸಿಕೊಂಡ ಗಂಡುಮಕ್ಕಳು ತಿಂಗಳುಗಳ ನಂತರ ಲಸಿಕೆಯ ಸೂಜಿಗೆ ಇತರರಿಗಿಂತ ಹೆಚ್ಚು ನರಳಿದರು.

ಉಳಿದ ಔಷಧಿಗಳಿಗೂ ಅವುಗಳದೇ ಗುಣದೋಷಗಳಿವೆ. ಫೆಂಟನಿಲ್ ಬೇಗ ಕೆಲಸ ಮಾಡುತ್ತದೆ, ರಕ್ತದೊತ್ತಡವನ್ನು ಅಷ್ಟಾಗಿ ಇಳಿಸುವುದಿಲ್ಲ. ಆದರೆ ಅವಸರದಲ್ಲಿ ತಳ್ಳಿದರೆ ಎದೆಯ ಸ್ನಾಯುಗಳು ಬಿಗಿದು ಉಸಿರು ಕಟ್ಟುತ್ತದೆ. ಕೆಲವು ದಿನ ಸತತವಾಗಿ ಕೊಟ್ಟರೆ ದೇಹ ಅದಕ್ಕೆ ಒಗ್ಗಿ ಡೋಸ್ ಏರಿಸಬೇಕಾಗುತ್ತದೆ. ಮಿಡಜೋಲಮ್ ಮಂಪರು ತರಿಸುತ್ತದೆಯೇ ಹೊರತು ನೋವನ್ನು ಇಳಿಸುವುದಿಲ್ಲ. ಸುಮ್ಮನೆ ಮಲಗಿದ ಕೂಸಿಗೆ ನೋವಿಲ್ಲವೆಂದು ನೋಡುವವರು ಮೋಸಹೋಗುವುದು ಈ ಔಷಧಿಯಲ್ಲೇ ಹೆಚ್ಚು. ಡೆಕ್ಸ್‌ಮೆಡಿಟೊಮಿಡಿನ್ ಹೊಸದಾಗಿ ಬಳಕೆಗೆ ಬರುತ್ತಿದೆ. ಉಸಿರಾಟವನ್ನು ಅಷ್ಟು ಕುಗ್ಗಿಸುವುದಿಲ್ಲವೆಂಬುದು ಅದರ ಹೆಗ್ಗಳಿಕೆ, ಹೃದಯಬಡಿತ ನಿಧಾನವಾಗುವುದು ಅದರ ಕೊರತೆ. ಇವೆಲ್ಲಕ್ಕಿಂತ ಭರವಸೆ ಮೂಡಿಸಿದ್ದು ಮನೆಮನೆಯಲ್ಲಿರುವ ಪ್ಯಾರಸಿಟಮಾಲ್. ರಾಟರ್‌ಡ್ಯಾಮಿನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾದ 71 ಎಳೆಯ ಮಕ್ಕಳ ಪ್ರಯೋಗದಲ್ಲಿ, ರಕ್ತನಾಳದ ಮೂಲಕ ಪ್ಯಾರಸಿಟಮಾಲ್ ಪಡೆದವರಿಗೆ ಬೇಕಾದ ಮಾರ್ಫಿನ್ ಶೇ. 66ರಷ್ಟು ಕಡಿಮೆಯಾಯಿತು. 2013ರ ಈ ಫಲಿತಾಂಶ ನಮ್ಮ ಜಿಲ್ಲಾ ಮಟ್ಟದ ಆಸ್ಪತ್ರೆಗಳಿಗೆ ನೇರವಾಗಿ ಉಪಯೋಗಕ್ಕೆ ಬರುವಂಥದು: ಅಗ್ಗ, ಸುಲಭವಾಗಿ ಸಿಗುತ್ತದೆ, ಉಸಿರು ನಿಲ್ಲಿಸುವುದಿಲ್ಲ.

ಹುಟ್ಟುವಾಗ ಉಸಿರುಗಟ್ಟಿದ ಕೂಸಿನ ಲೆಕ್ಕವೇ ಬೇರೆ. ಅಂಥ ಶಿಶುಗಳ ಮೈಯನ್ನು ಮೂರು ದಿನ 33.5 ಡಿಗ್ರಿಗೆ ತಂಪಾಗಿಡುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ರೂಢಿಯಲ್ಲಿದೆ. ತಂಪಿನಲ್ಲಿ ಯಕೃತ್ತು ಇನ್ನಷ್ಟು ನಿಧಾನವಾಗುವುದರಿಂದ ಸಾಮಾನ್ಯ ಡೋಸಿನ ಮಾರ್ಫಿನ್ ಕೂಡ ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರುತ್ತದೆಂದು ಯುರೋಪಿನ ಅಧ್ಯಯನಗಳು ತೋರಿಸಿವೆ. ಬೆಂಗಳೂರಿನ ಘಟಕಗಳೂ ಸೇರಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳ ಮೇಲೆ ನಡೆದ ಹೆಲಿಕ್ಸ್ ಪ್ರಯೋಗ 2021ರಲ್ಲಿ ಕಂಡದ್ದು ಇನ್ನೂ ಗಂಭೀರ: ಇಲ್ಲಿನ ಶಿಶುಗಳಲ್ಲಿ ತಂಪು ಚಿಕಿತ್ಸೆಯಿಂದ ಸಾವು ಮತ್ತು ಅಂಗವೈಕಲ್ಯ ತಗ್ಗಲಿಲ್ಲ, ಸಾವು ಹೆಚ್ಚಾಯಿತು. ಬೇರೆ ದೇಶದ ಚಿಕಿತ್ಸೆಯನ್ನು, ಬೇರೆ ದೇಶದ ಡೋಸನ್ನು ಹಾಗೆಯೇ ತಂದು ಹಾಕಬಾರದು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. ಚಿಕಿತ್ಸೆಗೆಂದು ತಂಪು ಮಾಡದಿದ್ದರೂ ದಾರಿಯಲ್ಲಿ ಮೈ ತಣ್ಣಗಾಗಿ ಬರುವ ಶಿಶುಗಳು ನಮ್ಮಲ್ಲಿ ಕಡಿಮೆಯಿಲ್ಲ. ಮಾಗಿಯ ಚಳಿಯಲ್ಲಿ ಹಳ್ಳಿಯಿಂದ ಬಂದ ಕೂಸಿಗೆ ಡೋಸ್ ಬರೆಯುವ ಮುನ್ನ ಥರ್ಮಾಮೀಟರ್ ನೋಡುವುದು ಈ ಕಾರಣಕ್ಕೂ ಅಗತ್ಯ.

ಹಾಗಾದರೆ ಅಳತೆ ಎಲ್ಲಿಂದ ಶುರುವಾಗಬೇಕು? ಕೂಸಿನ ಮುಖದಿಂದ. ಕೆನಡಾದ ಬಾನಿ ಸ್ಟೀವನ್ಸ್ ಮತ್ತು ಸಂಗಡಿಗರು 1996ರಲ್ಲಿ ರೂಪಿಸಿದ ಪಿಪ್ ಎಂಬ ಅಳತೆಪಟ್ಟಿಯಲ್ಲಿ ಏಳು ಅಂಶಗಳಿವೆ: ಹುಬ್ಬು ಗಂಟಿಕ್ಕುವುದು, ಕಣ್ಣು ಬಿಗಿಯಾಗಿ ಮುಚ್ಚುವುದು, ಮೂಗಿನ ಪಕ್ಕದ ಗೆರೆ ಆಳವಾಗುವುದು, ಹೃದಯಬಡಿತ, ರಕ್ತದ ಆಮ್ಲಜನಕ, ಎಚ್ಚರದ ಸ್ಥಿತಿ, ಗರ್ಭದ ವಾರಗಳು. ಒಟ್ಟು 21 ಅಂಕ. ಬೇಗ ಹುಟ್ಟಿದ ಕೂಸಿಗೆ ಈ ಪಟ್ಟಿ ಹೆಚ್ಚುವರಿ ಅಂಕ ಕೊಡುತ್ತದೆ, ಏಕೆಂದರೆ ಅದಕ್ಕೆ ಮುಖ ಸಿಂಡರಿಸಲೂ ತ್ರಾಣವಿರುವುದಿಲ್ಲ. ಅತಿ ಹೆಚ್ಚು ನೋವುಣ್ಣುವ ಕೂಸೇ ಅತಿ ಮೌನವಾಗಿರಬಹುದು ಎಂಬ ಈ ತಿಳಿವಳಿಕೆ ನೋವು ಆರೈಕೆಯ ಇಡೀ ಕಟ್ಟಡದ ಅಡಿಗಲ್ಲು. ಇಂಥ ಪಟ್ಟಿ ತುಂಬಲು ಹೃದಯಬಡಿತ, ಆಮ್ಲಜನಕ ತೋರಿಸುವ ಮಾನಿಟರ್ ಬಿಟ್ಟರೆ ಬೇರೆ ಯಂತ್ರ ಬೇಡ, ಒಂದು ನಿಮಿಷದಷ್ಟು ಗಮನ ಬೇಕು. ಆದರೆ ಹಲವು ಕೂಸುಗಳನ್ನು ಒಬ್ಬರೇ ನೋಡಿಕೊಳ್ಳುವ ರಾತ್ರಿ ಪಾಳಿಯ ನರ್ಸಿಗೆ ಆ ಒಂದು ನಿಮಿಷವೇ ದುಬಾರಿ. ಡೋಸನ್ನು ಕೂಸಿಗೆ ತಕ್ಕಂತೆ ಹೊಂದಿಸುವ ಮಾತು ಕೊನೆಗೆ ನರ್ಸುಗಳ ಸಂಖ್ಯೆಯ ಮಾತಾಗುತ್ತದೆ, ಮತ್ತು ಸರ್ಕಾರ ಉತ್ತರಿಸಬೇಕಾದ ಮಾತು ಅದು.

ನೋವಿನ ಎಲ್ಲ ಪ್ರಸಂಗಗಳಿಗೂ ಮಾರ್ಫಿನ್ ಉತ್ತರವಲ್ಲ ಎಂಬುದನ್ನು ಕಣ್ಣಿನ ತಪಾಸಣೆಯಷ್ಟು ಚೆನ್ನಾಗಿ ಇನ್ನಾವುದೂ ತೋರಿಸದು. ಈ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಹೆಸರಿದೆ. ಅವಧಿಪೂರ್ವ ಶಿಶುಗಳನ್ನು ಕುರುಡಾಗಿಸಬಲ್ಲ ಅಕ್ಷಿಪಟಲ ರೋಗವನ್ನು ಹುಡುಕಲು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಕಿಡ್‌ರಾಪ್ ಯೋಜನೆ ಹುಟ್ಟಿತು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನ ತಜ್ಞರು ಅದನ್ನು ನೋಡಿ ತೀರ್ಮಾನ ಹೇಳುತ್ತಾರೆ. ಸಾವಿರಾರು ಕೂಸುಗಳ ದೃಷ್ಟಿ ಇದರ ನೆರಳಲ್ಲಿದೆ. ತಪಾಸಣೆಗೆ ಮಾತ್ರ ರೆಪ್ಪೆಗಳನ್ನು ಕೊಕ್ಕೆಯಿಂದ ಅಗಲಿಸಬೇಕು, ಅದು ನೋವಿನದು. ಆಕ್ಸ್‌ಫರ್ಡಿನ ವೈದ್ಯರು ಇದಕ್ಕಾಗಿ ಬಾಯಿಯ ಮೂಲಕ ಕಿಲೊಗೆ 100 ಮೈಕ್ರೊಗ್ರಾಂ ಮಾರ್ಫಿನ್ ಕೊಟ್ಟು ನೋಡಿದರು. 31 ಶಿಶುಗಳಿಗೇ ಪ್ರಯೋಗ ನಿಲ್ಲಿಸಬೇಕಾಯಿತು: ನೋವು ಇಳಿಯಲಿಲ್ಲ, ಉಸಿರಾಟದ ತೊಂದರೆ ಹೆಚ್ಚಿತು. 2018ರ ಈ ವರದಿಯ ನಂತರವೂ ಉಳಿದಿರುವ ಉಪಾಯಗಳು ಹಳೆಯವೇ. ಅರಿವಳಿಕೆಯ ಕಣ್ಣಹನಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತುವುದು, ನಾಲಿಗೆಗೆ ಎರಡು ನಿಮಿಷ ಮೊದಲು ಸಕ್ಕರೆ ದ್ರಾವಣ ಅಥವಾ ತಾಯಿಯ ಹಾಲಿನ ಹನಿ.

ಸಕ್ಕರೆಯ ಬಗ್ಗೆಯೂ ಅನುಮಾನ ಎದ್ದಿದೆ. ಲಂಡನ್ನಿನಲ್ಲಿ ರೆಬೆಕ್ಕಾ ಸ್ಲೇಟರ್ 2010ರಲ್ಲಿ 59 ಶಿಶುಗಳ ಮಿದುಳಿನ ವಿದ್ಯುತ್ ಅಲೆ ಅಳೆದಾಗ, ಸಕ್ಕರೆ ಪಡೆದ ಕೂಸು ಮುಖ ಕಡಿಮೆ ಸಿಂಡರಿಸಿದರೂ ಮಿದುಳಿಗೆ ತಲುಪುವ ನೋವಿನ ಸಂಕೇತ ಕಡಿಮೆಯಾಗಿರಲಿಲ್ಲ. ಆ ಚರ್ಚೆ ಮುಗಿದಿಲ್ಲ. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಮಲಗಿಸುವ ಕಾಂಗರೂ ಆರೈಕೆಯ ವಿಷಯದಲ್ಲಿ ಅಂಥ ಅನುಮಾನಕ್ಕೆ ಎಡೆ ಕಡಿಮೆ. ಹಿಮ್ಮಡಿ ಚುಚ್ಚುವಾಗ ಅದು ನೋವಿನ ಅಂಕ ಇಳಿಸುತ್ತದೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದ ಪ್ರಯೋಗ 2021ರಲ್ಲಿ ಹೇಳಿದಂತೆ, ಹುಟ್ಟಿದ ಕೂಡಲೇ ಅದನ್ನು ಶುರುಮಾಡಿದರೆ ಸಾವಿನ ಪ್ರಮಾಣ ಶೇ. 15.7ರಿಂದ 12ಕ್ಕೆ ಇಳಿಯುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಸರ್ಕಾರಿ ಆಸ್ಪತ್ರೆ, ಆಶಾ ಕಾರ್ಯಕರ್ತೆಯರ ಜೊತೆ ಸೇರಿ ಇದನ್ನು ಮನೆಯವರೆಗೂ ತಲುಪಿಸಿ ತೋರಿಸಿದ್ದಾರೆ. ಕೊಪ್ಪಳದಲ್ಲಿ ಆದದ್ದು ಕೋಲಾರದಲ್ಲಿ ಆಗದಿರಲು ಕಾರಣ ಕಾಣುವುದಿಲ್ಲ. ತಾಯಿಯನ್ನು ಘಟಕದ ಬಾಗಿಲ ಹೊರಗೆ ಕೂರಿಸುವ ಹಳೆಯ ಪದ್ಧತಿ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಕೂಸಿನ ಒಂದು ಒಳ್ಳೆಯ ನೋವುನಿವಾರಕವನ್ನೂ ಹೊರಗಿಟ್ಟಂತಾಗಿದೆ.

ಇಷ್ಟರ ಮೇಲೂ ಶಸ್ತ್ರಚಿಕಿತ್ಸೆಗೆ, ಕೊಳವೆ ಹಾಕುವಾಗ, ಕರುಳು ಕೊಳೆಯುವ ಕಾಯಿಲೆಯಲ್ಲಿ ಮಾರ್ಫಿನ್, ಫೆಂಟನಿಲ್ ಬೇಕೇ ಬೇಕು. 1985ರ ಮಾದಕವಸ್ತು ಕಾಯ್ದೆಯ ಬಿಗಿ ನಿಯಮಗಳಿಂದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳಲೇ ಹೆದರುತ್ತಿದ್ದವು. 2014ರ ತಿದ್ದುಪಡಿ ಇವೆರಡೂ ಸೇರಿ ಆರು ಔಷಧಿಗಳನ್ನು ಅಗತ್ಯ ಮಾದಕ ಔಷಧಿಗಳೆಂದು ಗುರುತಿಸಿ, ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸುಗಮ ಮಾಡಿತು. ಕಾನೂನಿನ ಭಯಕ್ಕೆ ಈಗ ಹಿಂದಿನಷ್ಟು ಆಧಾರವಿಲ್ಲ. ಉಳಿದಿರುವುದು ತರಬೇತಿಯ ಕೊರತೆ.

ಇನ್ನೊಂದು ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ: ಕೂಸಿನ ಪ್ರಯಾಣ. ಕೋಲಾರದಿಂದ ಬೆಂಗಳೂರಿಗೆ ಹೋಗುವ ಆಂಬುಲೆನ್ಸಿನಲ್ಲಿ ಶಿಶುವಿನ ಜೊತೆ ಒಂದು ರೆಫರಲ್ ಚೀಟಿ ಹೋಗುತ್ತದೆ. ಅದರಲ್ಲಿ ತೂಕ, ವಾರ, ಕಾಯಿಲೆ, ಆ್ಯಂಟಿಬಯೋಟಿಕ್ ವಿವರಗಳಿಗೆ ಜಾಗವಿರುತ್ತದೆ. ನೋವು ಅಥವಾ ಮಂಪರಿನ ಔಷಧಿ ಯಾವುದು, ಕೊನೆಯ ಡೋಸ್ ಎಷ್ಟು ಮೈಕ್ರೊಗ್ರಾಂ, ಎಷ್ಟು ಗಂಟೆಗೆ, ಯಾವ ಸಾಂದ್ರತೆಗೆ ತೆಳುಮಾಡಿದ್ದು, ಆಗ ನೋವಿನ ಅಂಕ ಎಷ್ಟಿತ್ತು ಎಂಬುದನ್ನೂ ಅದರಲ್ಲಿ ಬರೆಯಲೇಬೇಕು. ಅರ್ಧಾಯುಷ್ಯ ಒಂಬತ್ತು ಗಂಟೆಯಿರುವ ಔಷಧಿ ಮೈಯಲ್ಲಿರುವಾಗಲೇ ಹೊಸ ಆಸ್ಪತ್ರೆಯಲ್ಲಿ ಮೊದಲ ಡೋಸ್ ಎಂದುಕೊಂಡು ಇನ್ನೊಮ್ಮೆ ಕೊಟ್ಟರೆ ಉಸಿರು ನಿಲ್ಲಬಹುದು. ಹಲವು ದಿನ ಫೆಂಟನಿಲ್ ಪಡೆದ ಕೂಸಿಗೆ ಅದು ತಿಳಿಯದೆ ಥಟ್ಟನೆ ನಿಲ್ಲಿಸಿದರೆ ನಡುಕ, ನಿಲ್ಲದ ಅಳು, ಭೇದಿ ಶುರುವಾಗುತ್ತದೆ, ಅದನ್ನು ಸೋಂಕೆಂದು ತಪ್ಪು ತಿಳಿಯುವ ಸಾಧ್ಯತೆಯೂ ಇದೆ. ಡೋಸನ್ನು ದಿನಕ್ಕಿಷ್ಟೆಂದು ಹಂತಹಂತವಾಗಿ ಇಳಿಸುವ ಯೋಜನೆಯನ್ನು ಮೊದಲ ಆಸ್ಪತ್ರೆ ಬರೆದು ಕಳಿಸಬೇಕು, ಎರಡನೆಯದು ಅಲ್ಲಿಂದಲೇ ಮುಂದುವರಿಸಬೇಕು. ಚೇತರಿಸಿಕೊಂಡ ಕೂಸು ವಾಪಸು ಜಿಲ್ಲಾ ಆಸ್ಪತ್ರೆಗೆ ಬರುವಾಗಲೂ ಅದೇ ಚೀಟಿ ಅದರ ಜೊತೆ ಬರಬೇಕು.